ಬೆಂಗಳೂರಿನ ಹಳೆಯ ಪೇಟೆ

ಕ್ರಿ. ಶ. 1537ರಲ್ಲಿ ಯಲಹಂಕ ನಾಡಪ್ರಭು ಕೆಂಪೇಗೌಡನು ಮಣ್ಣಿನ ಕೋಟೆಯನ್ನು ಕಟ್ಟಿಸಿ, ಅದರೊಳಗೆ ಬೆಂಗಳೂರಿನ ಪೇಟೆಯನ್ನು ನೆಲೆಗೊಳಿಸಿದನೆಂಬುದು ಪ್ರಸಿದ್ಧವಾಗಿದೆ. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ಇವೆರಡೂ ಕೂಡುವ ಚೌಕವೇ ಊರಿನ ನಾಭಿ. ಅರಳೆಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳೇ ಅಲ್ಲಲ್ಲಿಯ ಸರಕನ್ನೂ ಕಸುಬನ್ನೂ ಸಾರುತ್ತವೆ. ಬೀದಿಗೆ ಜಗಲಿ ಮತ್ತು ಅಂಗಡಿ, ಒಳಗೆ ಮರದ ಕಂಬಗಳ ಮನೆ: ವ್ಯಾಪಾರವೂ ಸಂಸಾರವೂ ಅನೇಕ ಕಡೆಗಳಲ್ಲಿ ಒಂದೇ ಸೂರಿನಡಿ ಸಾಗುತ್ತಿದ್ದುವು.

1791ರ ಮಾರ್ಚಿ ತಿಂಗಳಲ್ಲಿ ಕಾರ್ನ್‌ವಾಲಿಸನ ದಂಡು ಈ ಪೇಟೆಯನ್ನು ಹಿಡಿಯಿತು. ಆ ಆಘಾತದಿಂದಲೂ ಪೇಟೆಯು ಚೇತರಿಸಿಕೊಂಡಿತು. ಮುಂದೆ ಮಣ್ಣಿನ ಗೋಡೆ ಹೋಯಿತು, ಕಂದಕ ಮುಚ್ಚಿತು, ದೊಡ್ಡಪೇಟೆಯು ಅವೆನ್ಯೂ ರಸ್ತೆಯೆನಿಸಿತು. ಆದರೂ ಬೀದಿಗಳ ಮೂಲವಿನ್ಯಾಸವು ಅಳಿಯಲಿಲ್ಲ. ಅಳಿಯುತ್ತಿರುವುವು ಮನೆಗಳು. ಅವು ಒಂದೊಂದಾಗಿ ಉರುಳಿ ಕಾಂಕ್ರೀಟಿನ ಮಳಿಗೆಗಳಿಗೆ ಎಡೆಗೊಡುತ್ತಿವೆ. ದಂಡು ಮಾಡಲಾರದುದನ್ನು ನೆಲದ ಬೆಲೆಯು ಮಾಡುತ್ತಿದೆ.

ಬೀದಿಯ ಹೆಸರು ಕಸುಬನ್ನು ಹೇಳೀತು. ಕಸುಬಿನವರು ಬಾಳಿದ ಬಗೆಯನ್ನು ಕಣ್ಣಿಗೆ ಕಟ್ಟುವಂತೆ ತೋರಬಲ್ಲುದು ಮನೆಯೇ. ಉಳಿದಿರುವ ಕೆಲವನ್ನು ಕಾಪಾಡುವುದೂ, ಕಾಪಾಡಲಾಗದವನ್ನು ಅಳೆದು ಚಿತ್ರಿಸಿ ಇಡುವುದೂ ನಾಗರಿಕರಾದ ನಮ್ಮ ಕರ್ತವ್ಯವಲ್ಲವೇ?