ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧನಾ ಪ್ರಕಟಣೆಗಳು ಮತ್ತು ಅವುಗಳ ಉಲ್ಲೇಖ ಪ್ರಭಾವ

ಪೀಠಿಕೆ

ವೈದ್ಯಕೀಯ ಸಂಶೋಧಕರ ಕಾರ್ಯವನ್ನು ಅಳೆಯುವಾಗ ಸಾಮಾನ್ಯವಾಗಿ ಎರಡು ಅಂಶಗಳನ್ನು ಪರಿಗಣಿಸಲಾಗುತ್ತದೆ. ಒಂದು, ಅವರು ಪ್ರಕಟಿಸಿದ ಲೇಖನಗಳ ಸಂಖ್ಯೆ. ಮತ್ತೊಂದು, ಆ ಲೇಖನಗಳನ್ನು ಇತರ ಸಂಶೋಧಕರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದು. ನೇಮಕಾತಿ, ಬಡ್ತಿ ಹಾಗೂ ಸಂಶೋಧನಾ ಅನುದಾನದ ಸಂದರ್ಭಗಳಲ್ಲಿ ಈ ಅಂಕಿಗಳಿಗೆ ಮಹತ್ವ ನೀಡಲಾಗುತ್ತಿದೆ. ಇವುಗಳ ಉಪಯೋಗ ಮತ್ತು ಮಿತಿಗಳನ್ನು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ನಿದರ್ಶನದ ಮೂಲಕ ಇಲ್ಲಿ ವಿವರಿಸಲಾಗಿದೆ.

ಸಂಸ್ಥೆಯ ಹಿನ್ನೆಲೆ

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನೊಂದಿಗೆ 1959ರಲ್ಲಿ ಸ್ಥಾಪನೆಗೊಂಡಿತು. ದೇಶದ ಗ್ರಾಮೀಣ ಪರಿಸ್ಥಿತಿಗೆ ಹೊಂದುವ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸುವುದು ಮತ್ತು ಅದಕ್ಕೆ ಬೇಕಾದ ಸಿಬ್ಬಂದಿಗೆ ತರಬೇತಿ ನೀಡುವುದು ಇದರ ಮುಖ್ಯ ಉದ್ದೇಶವಾಗಿತ್ತು. ಈ ಕಾರಣದಿಂದ ಸಂಸ್ಥೆಯ ಆರಂಭಿಕ ಸಂಶೋಧನೆಗಳು ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ತುಮಕೂರು ಮತ್ತು ಅಂದಿನ ಬೆಂಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ ನಡೆದವು. ಬಾಶೆಟ್ಟಿಹಳ್ಳಿಯನ್ನು ಒಳಗೊಂಡ ದೊಡ್ಡಬಳ್ಳಾಪುರ ತಾಲ್ಲೂಕು, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳು ಆಗ ಬೆಂಗಳೂರು ಜಿಲ್ಲೆಗೆ ಸೇರಿದ್ದವು. ಬೆಂಗಳೂರು ಗ್ರಾಮಾಂತರ ಜಿಲ್ಲೆಯು 1986ರಲ್ಲಿ ರಚನೆಯಾಯಿತು.

ಪ್ರಮುಖ ಪ್ರಕಟಣೆಗಳು

1. 1963ರ ಲೇಖನಗಳು: ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕವಾದ ಬುಲೆಟಿನ್‌ನ 29ನೆಯ ಸಂಪುಟದಲ್ಲಿ ಸಂಸ್ಥೆಯ ಎರಡು ಮಹತ್ವದ ಲೇಖನಗಳು ಪ್ರಕಟವಾದವು. ಒಂದು, ರಾಜ್ ನಾರಾಯಣ್ ಮತ್ತು ಸಹೋದ್ಯೋಗಿಗಳು ಕ್ಷಯರೋಗದ ವ್ಯಾಪಕತೆಯನ್ನು ಕುರಿತು ನಡೆಸಿದ ಸಮೀಕ್ಷೆ. ಮತ್ತೊಂದು, ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಡೆಸಿದ ಸಮಾಜಶಾಸ್ತ್ರೀಯ ಅಧ್ಯಯನ. ಹಳ್ಳಿಯ ಜನರಿಗೆ ರೋಗದ ಅರಿವಿಲ್ಲ, ಅವರು ತಾವಾಗಿಯೇ ಚಿಕಿತ್ಸೆಗೆ ಬರುವುದಿಲ್ಲ ಎಂಬ ಭಾವನೆ ಅಂದು ಪ್ರಚಲಿತವಾಗಿತ್ತು. ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ರೋಗಲಕ್ಷಣಗಳ ಅರಿವಿದೆ ಹಾಗೂ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪರಿಹಾರ ಕೋರಿ ಆರೋಗ್ಯ ಕೇಂದ್ರಗಳ ಬಾಗಿಲಿಗೆ ಬಂದಿದ್ದಾರೆ ಎಂಬುದನ್ನು ಈ ಅಧ್ಯಯನವು ತೋರಿಸಿಕೊಟ್ಟಿತು. ಕೊರತೆ ಇದ್ದದ್ದು ಜನರಲ್ಲಿ ಅಲ್ಲ. ಬಂದವರ ಕಫವನ್ನು ಪರೀಕ್ಷಿಸುವ ವ್ಯವಸ್ಥೆಯಲ್ಲಿ.

2. 1974ರ ಲೇಖನ: ಅಂದಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ 1961ರಿಂದ 1968ರವರೆಗೆ ನಾಲ್ಕು ಬಾರಿ ಸಮೀಕ್ಷೆ ನಡೆಸಲಾಯಿತು. ಇದರ ಫಲಿತಾಂಶವು ಬುಲೆಟಿನ್‌ನ 51ನೆಯ ಸಂಪುಟದಲ್ಲಿ ಪ್ರಕಟವಾಯಿತು. ಆ ಪ್ರದೇಶದಲ್ಲಿ ಆಗ ಸಂಘಟಿತ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮ ಇರಲಿಲ್ಲ. ಮೊದಲ ಸಮೀಕ್ಷೆಯಲ್ಲಿ ಕಫದಲ್ಲಿ ರೋಗಾಣು ಕಂಡುಬಂದ 126 ವ್ಯಕ್ತಿಗಳ ಪೈಕಿ ಐದು ವರ್ಷಗಳಲ್ಲಿ ಸುಮಾರು ಶೇ. 49ರಷ್ಟು ಮಂದಿ ಮೃತಪಟ್ಟಿದ್ದರು. ಸುಮಾರು ಶೇ. 18ರಷ್ಟು ಮಂದಿಯ ಕಫದಲ್ಲಿ ರೋಗಾಣು ಉಳಿದೇ ಇತ್ತು. ಉಳಿದ ಮೂರನೆಯ ಒಂದು ಭಾಗದಷ್ಟು ಮಂದಿಯ ಕಫವು ರೋಗಾಣುಮುಕ್ತವಾಗಿತ್ತು.

3. ನಂತರದ ಲೇಖನಗಳು: ಎ. ಕೆ. ಚಕ್ರಬರ್ತಿ ಮತ್ತು ಸಹೋದ್ಯೋಗಿಗಳು ಈ ಗ್ರಾಮೀಣ ಅಧ್ಯಯನಗಳನ್ನು ಮುಂದುವರಿಸಿದರು. ಗ್ರಾಮೀಣ ಜನರಲ್ಲಿ ಕ್ಷಯ ಸೋಂಕಿನ 23 ವರ್ಷಗಳ ಪ್ರವೃತ್ತಿಯನ್ನು ವಿವರಿಸುವ ಅವರ ಲೇಖನವು 1992ರಲ್ಲಿ ಪ್ರಕಟವಾಯಿತು.

ಉಲ್ಲೇಖಗಳ ಎಣಿಕೆ

ಲೇಖನವೊಂದರ ಕೊನೆಯಲ್ಲಿ ಕೊಡುವ ಆಧಾರಗಳ ಪಟ್ಟಿಯಲ್ಲಿ ಹಿಂದಿನ ಲೇಖನದ ಹೆಸರು ಬಂದರೆ ಅದನ್ನು ಒಂದು ಉಲ್ಲೇಖ ಎಂದು ಎಣಿಸಲಾಗುತ್ತದೆ. ವಿಜ್ಞಾನ ಕ್ಷೇತ್ರಕ್ಕೆ ಇಂತಹ ಉಲ್ಲೇಖ ಸೂಚಿ ಅಗತ್ಯವೆಂದು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಪ್ರತಿಪಾದಿಸಿದರು. 1960ರ ದಶಕದಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಬಂದಿತು. 2004ರಲ್ಲಿ ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ಆರಂಭವಾದ ನಂತರ ಈ ಎಣಿಕೆಯು ಎಲ್ಲರಿಗೂ ಸುಲಭವಾಯಿತು.

ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಸೂಚ್ಯಂಕವು ಇಂದು ಹೆಚ್ಚು ಬಳಕೆಯಲ್ಲಿದೆ. ಉದಾಹರಣೆಗೆ, ಒಬ್ಬ ಸಂಶೋಧಕರ ಆರು ಲೇಖನಗಳಿಗೆ ಕ್ರಮವಾಗಿ 40, 22, 9, 5, 4 ಮತ್ತು 1 ಉಲ್ಲೇಖಗಳು ದೊರೆತಿವೆ ಎಂದು ಭಾವಿಸಿದರೆ, ಕನಿಷ್ಠ ನಾಲ್ಕು ಉಲ್ಲೇಖಗಳನ್ನು ಪಡೆದ ನಾಲ್ಕು ಲೇಖನಗಳಿವೆ. ಆದರೆ ಕನಿಷ್ಠ ಐದು ಉಲ್ಲೇಖಗಳನ್ನು ಪಡೆದ ಐದು ಲೇಖನಗಳಿಲ್ಲ. ಆದುದರಿಂದ ಅವರ ಸೂಚ್ಯಂಕ 4. ಮೊದಲ ಲೇಖನಕ್ಕೆ 40ರ ಬದಲು 4,000 ಉಲ್ಲೇಖಗಳು ದೊರೆತರೂ ಸೂಚ್ಯಂಕ 4ರಲ್ಲಿಯೇ ಉಳಿಯುತ್ತದೆ. ಒಂದೇ ಲೇಖನದಿಂದ ಒಂದು ಕ್ಷೇತ್ರದ ದಿಕ್ಕು ಬದಲಾದರೂ ಈ ಅಂಕಿಯು ಅದನ್ನು ತೋರಿಸುವುದಿಲ್ಲ.

ಎಣಿಕೆಯಲ್ಲಿ ಕಾಣದ ಅಂಶಗಳು

ಅ) ಲೇಖಕರ ಹೆಸರು: 1974ರ ಲೇಖನವು ಯಾವುದೇ ವ್ಯಕ್ತಿಯ ಹೆಸರಿನಲ್ಲಿ ಪ್ರಕಟವಾಗಲಿಲ್ಲ, ಲೇಖಕರ ಸ್ಥಾನದಲ್ಲಿ ಸಂಸ್ಥೆಯ ಹೆಸರಿತ್ತು. ಮನೆಮನೆಗೆ ತೆರಳಿ ಕಫ ಸಂಗ್ರಹಿಸಿದವರು, ಕ್ಷ-ಕಿರಣ ಚಿತ್ರ ತೆಗೆದವರು, ಅಂಕಿ-ಅಂಶಗಳನ್ನು ಪರಿಶೀಲಿಸಿದವರು ಹಾಗೂ ಅಧ್ಯಯನವನ್ನು ಯೋಜಿಸಿದ ವೈದ್ಯರು ಎಲ್ಲರೂ ಆ ಒಂದೇ ಹೆಸರಿನಲ್ಲಿ ಅಡಕವಾಗಿದ್ದಾರೆ. ಆದುದರಿಂದ ಈ ಲೇಖನದ ಉಲ್ಲೇಖಗಳು ಯಾವ ಸಂಶೋಧಕರ ವೈಯಕ್ತಿಕ ಲೆಕ್ಕಕ್ಕೂ ಸೇರುವುದಿಲ್ಲ.

ಆ) ಪರೋಕ್ಷ ಉಲ್ಲೇಖ: 1978ರಲ್ಲಿ ಗ್ರಿಜ್ಬೋವ್‌ಸ್ಕಿ ಮತ್ತು ಎನಾರ್ಸನ್ ವಿವಿಧ ಚಿಕಿತ್ಸಾ ಕಾರ್ಯಕ್ರಮಗಳಲ್ಲಿನ ರೋಗಿಗಳ ಸ್ಥಿತಿಯನ್ನು ಹೋಲಿಸುವಾಗ ಚಿಕಿತ್ಸೆಯಿಲ್ಲದ ಸ್ಥಿತಿಗೆ ಬೆಂಗಳೂರಿನ ಅಂಕಿಗಳನ್ನು ಬಳಸಿದರು. ಚಿಕಿತ್ಸೆ ಇಲ್ಲದಿದ್ದರೆ ಐದು ವರ್ಷಗಳಲ್ಲಿ ಅರ್ಧದಷ್ಟು ರೋಗಿಗಳು ಸಾಯುತ್ತಾರೆ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿದೆ. ಹೀಗೆ ಬಳಸುವವರು ಮೂಲ ಲೇಖನದ ಬದಲು ನಂತರದ ಲೇಖನವನ್ನು ಉಲ್ಲೇಖಿಸಿದಾಗ ಮೂಲದ ಎಣಿಕೆ ಹೆಚ್ಚುವುದಿಲ್ಲ.

ಇ) ಸರ್ಕಾರದ ನೀತಿ: ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು 1962ರಲ್ಲಿ ಆರಂಭವಾಯಿತು. ರೋಗಿಗಳು ತಾವಾಗಿ ಬರುವ ಸಾಮಾನ್ಯ ಆರೋಗ್ಯ ಕೇಂದ್ರದಲ್ಲಿಯೇ ಕಫ ಪರೀಕ್ಷೆ ಮತ್ತು ಚಿಕಿತ್ಸೆ ದೊರೆಯಬೇಕು ಎಂಬ ಅದರ ತತ್ತ್ವಕ್ಕೆ ತುಮಕೂರಿನ ಅಧ್ಯಯನಗಳು ಆಧಾರ ಒದಗಿಸಿದವು. ಆರೋಗ್ಯ ಕೇಂದ್ರಗಳಲ್ಲಿ ನಿತ್ಯ ನಡೆಯುವ ಕಫ ಪರೀಕ್ಷೆಯನ್ನು ಯಾವ ಉಲ್ಲೇಖ ಸೂಚಿಯೂ ದಾಖಲಿಸುವುದಿಲ್ಲ.

ಈ) ಹೆಸರಿನ ಬರವಣಿಗೆ: ನಮ್ಮಲ್ಲಿ ಊರು ಅಥವಾ ತಂದೆಯ ಹೆಸರಿನ ಆದ್ಯಕ್ಷರವನ್ನು ಮುಂದೆ ಬರೆಯುವ ರೂಢಿಯಿದೆ. ಸೂಚಿಗಳು ಕೊನೆಯ ಪದವನ್ನು ಕುಲನಾಮವೆಂದು ಭಾವಿಸುವುದರಿಂದ ಒಬ್ಬರೇ ಸಂಶೋಧಕರ ಲೇಖನಗಳು ಎರಡು-ಮೂರು ಹೆಸರುಗಳಲ್ಲಿ ಹಂಚಿಹೋಗುವುದುಂಟು.

ಮತ್ತೊಂದು ನಿದರ್ಶನ

ಕಲ್ಕತ್ತಾದ ಶಂಭುನಾಥ್ ಡೇ ಕಾಲರಾ ರೋಗಾಣುವಿನ ವಿಷದ ಬಗ್ಗೆ 1959ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನಕ್ಕೆ ಆರಂಭದಲ್ಲಿ ತಕ್ಕ ಮನ್ನಣೆ ದೊರೆಯಲಿಲ್ಲ. ಅವರು 1985ರಲ್ಲಿ ನಿಧನರಾದರು. 1986ರಲ್ಲಿ ಗಾರ್‌ಫೀಲ್ಡ್ ಉಲ್ಲೇಖಗಳ ವಿಶ್ಲೇಷಣೆಯ ಮೂಲಕ ಆ ಕಾರ್ಯದ ಮಹತ್ವವನ್ನು ಬೆಳಕಿಗೆ ತಂದರು. 1990ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯು ಅವರಿಗೆ ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು. ಮರೆತುಹೋಗಬಹುದಾದ ಕಾರ್ಯವನ್ನು ಗುರುತಿಸಲು ಉಲ್ಲೇಖ ಸೂಚಿಯು ನೆರವಾಗಬಲ್ಲದು ಎಂಬುದಕ್ಕೆ ಇದು ಉದಾಹರಣೆ. ಆದರೆ ಆ ನೆರವು ಸಂಶೋಧಕರ ಜೀವಿತಕಾಲದಲ್ಲಿಯೇ ದೊರೆಯುವುದೆಂಬ ಖಾತರಿಯಿಲ್ಲ.

ವಿದ್ಯಾರ್ಥಿಗಳು ಮತ್ತು ಸಂಶೋಧಕರು ಗಮನಿಸಬೇಕಾದ ಅಂಶಗಳು

• ಪುನರಾವಲೋಕನ ಲೇಖನದಲ್ಲಿ ದೊರೆತ ಅಂಕಿಯನ್ನು ಬಳಸುವ ಮುನ್ನ ಮೂಲ ಲೇಖನವನ್ನು ಓದಿ, ಅದನ್ನೇ ಉಲ್ಲೇಖಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನ ಹಳೆಯ ಸಂಪುಟಗಳು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಉಚಿತವಾಗಿ ಲಭ್ಯವಿವೆ.
• ಎಲ್ಲ ಲೇಖನಗಳಲ್ಲಿ ಹೆಸರನ್ನು ಒಂದೇ ರೀತಿಯಲ್ಲಿ ಬರೆಯಬೇಕು. 2012ರಲ್ಲಿ ಆರಂಭವಾದ ಆರ್ಕಿಡ್ ಗುರುತು ಸಂಖ್ಯೆಯನ್ನು ಪಡೆಯುವುದು ಸೂಕ್ತ.
• ಬೇರೆ ಬೇರೆ ವಿಷಯಗಳ ಅಥವಾ ಬೇರೆ ಬೇರೆ ವಯೋಮಾನದ ಸಂಶೋಧಕರ ಸೂಚ್ಯಂಕಗಳನ್ನು ನೇರವಾಗಿ ಹೋಲಿಸಬಾರದು.
• ಸಂಶೋಧಕರನ್ನು ಪತ್ರಿಕೆಯ ಪ್ರಭಾವಾಂಶದ ಆಧಾರದಿಂದ ಅಳೆಯದೆ, ಅವರ ಕಾರ್ಯದ ಗುಣಮಟ್ಟದಿಂದಲೇ ಅಳೆಯಬೇಕೆಂದು 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯು ತಿಳಿಸುತ್ತದೆ.

ಉಪಸಂಹಾರ

ರಾಷ್ಟ್ರೀಯ ಕಾರ್ಯಕ್ರಮವು 1997ರಿಂದ ಪರಿಷ್ಕೃತ ರೂಪದಲ್ಲಿ ನಡೆದು, 2020ರಲ್ಲಿ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮ ಎಂಬ ಹೆಸರು ಪಡೆಯಿತು. ಇಂದು ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶದ ಕಾರ್ಮಿಕರಾಗಲಿ, ಸುತ್ತಲಿನ ಹಳ್ಳಿಗಳ ರೈತರಾಗಲಿ, ಎರಡು ವಾರಗಳಿಗಿಂತ ಹೆಚ್ಚು ಕಾಲ ಕೆಮ್ಮು ಇದ್ದಲ್ಲಿ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದ ಮೂಲಕ ಕಫ ಪರೀಕ್ಷೆ ಮತ್ತು ಚಿಕಿತ್ಸೆಯನ್ನು ಉಚಿತವಾಗಿ ಪಡೆಯಬಹುದಾಗಿದೆ. ಕೆಮ್ಮಿನಿಂದ ಬಳಲಿ ತಾವಾಗಿಯೇ ಆಸ್ಪತ್ರೆಗೆ ಬರುವವರನ್ನು ಬರಿಗೈಯಲ್ಲಿ ಕಳುಹಿಸಬಾರದು ಎಂಬ 1963ರ ಅಧ್ಯಯನದ ಪಾಠವು ಈ ವ್ಯವಸ್ಥೆಯಲ್ಲಿ ಉಳಿದುಬಂದಿದೆ. ಸಂಶೋಧನೆಯ ಪ್ರಭಾವವನ್ನು ಅಳೆಯುವಾಗ ಉಲ್ಲೇಖಗಳ ಸಂಖ್ಯೆಯ ಜೊತೆಗೆ ಇದನ್ನೂ ಪರಿಗಣಿಸುವುದು ಅವಶ್ಯ.