ಬೇಯಿಸಿ ಸುಡುವ ರೊಟ್ಟಿ: ಬ್ರೂಕ್ಲಿನ್‌ನಲ್ಲಿ ಒಳ್ಳೆಯ ಬೇಗಲ್ ಹುಡುಕುತ್ತಾ

ನ್ಯೂಯಾರ್ಕಿನಲ್ಲಿ ಬೇಗಲ್ ಸಿಗದ ಬೀದಿ ಇಲ್ಲ. ಒಳ್ಳೆಯ ಬೇಗಲ್ ಸಿಗುವ ಬೀದಿಗಳು ಮಾತ್ರ ಕಡಿಮೆ. ಉಪ್ಪಳದಲ್ಲಿ ಹುಟ್ಟಿ ಬೆಳೆದ ನನಗೆ ಬ್ರೂಕ್ಲಿನ್ ಊರಾಗಿ 18 ವರ್ಷಗಳಾದವು. ಮಕ್ಕಳಿಗಂತೂ ಊರು ಎಂದರೆ ಇದೇ. ಇಲ್ಲಿಗೆ ಬರುವ ನೆಂಟರು ಬೇಗಲ್ ನೋಡಿ "ಇದೆಂತ, ದೊಡ್ಡ ಕೋಡುಬಳೆಯಾ?" ಎನ್ನುತ್ತಾರೆ. ಆಕಾರದಲ್ಲಿ ಹೌದು. ಮಾಡುವ ಕ್ರಮದಲ್ಲಿ ಅದು ನಮ್ಮ ಪತ್ತಿರಿಗೆ ಹತ್ತಿರ.

ಹೇಗೆಂದರೆ, ಅಕ್ಕಿ ಹಿಟ್ಟಿಗೆ ಗೋಧಿಯ ಅಂಟು ಇಲ್ಲ. ಅದಕ್ಕೇ ನಮ್ಮ ಉಮ್ಮಂದಿರು ಉಪ್ಪು ಹಾಕಿದ ಕುದಿನೀರಿಗೆ ಹಿಟ್ಟು ಸುರಿದು, ಬಿಸಿ ಆರುವ ಮೊದಲೇ ಕೈ ಸುಟ್ಟುಕೊಂಡು ನಾದುತ್ತಾರೆ. ಹಿಟ್ಟು ಮೊದಲು ಬೇಯುತ್ತದೆ, ಆಮೇಲೆ ಕಾವಲಿಗೆ ಹೋಗುತ್ತದೆ. ಬೇಗಲ್‌ನದೂ ಅದೇ ಕತೆ, ತುಸು ಬೇರೆ ದಾರಿಯಲ್ಲಿ. ಅಂಟು ಹೆಚ್ಚಿರುವ ಗೋಧಿ ಹಿಟ್ಟನ್ನು ಬಹಳ ಗಟ್ಟಿಯಾಗಿ ನಾದಿ, ಹೊಸೆದು, ಅಂಗೈಗೆ ಸುತ್ತಿ ಬಳೆ ಮಾಡಿ, ರಾತ್ರಿಯಿಡೀ ತಂಪಿನಲ್ಲಿಡುತ್ತಾರೆ. ಬೆಳಿಗ್ಗೆ ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ತೆಗೆದು, ಆಮೇಲೆ ಒಲೆಗೆ. ಕುದಿನೀರಿನಲ್ಲಿ ಹೊರಮೈಯ ಪಿಷ್ಟ ಬೆಂದು ತೊಗಲಿನ ಹಾಗೆ ಬಿಗಿಯಾಗುವುದರಿಂದ ಒಲೆಯಲ್ಲಿ ರೊಟ್ಟಿ ಬನ್ನಿನಂತೆ ಉಬ್ಬುವುದಿಲ್ಲ. ಹೊಳೆಯುವ ಸಿಪ್ಪೆ, ಅಗಿದಷ್ಟೂ ಎದುರು ನಿಲ್ಲುವ ಒಳಭಾಗ, ಎರಡೂ ಆ ಕುದಿನೀರಿನ ಕೊಡುಗೆ. ಹಿಟ್ಟಿಗೂ ನೀರಿಗೂ ಬಾರ್ಲಿ ಮಾಲ್ಟ್ ಹಾಕುವುದುಂಟು. ಹೆಸರು ಕೇಳಿ ಗಾಬರಿಯಾಗಬೇಡಿ, ಅದು ಮೊಳಕೆ ಬರಿಸಿದ ಬಾರ್ಲಿಯ ಸಿಹಿ ಪಾಕ, ನಶೆಯದ್ದಲ್ಲ.

ಈ ರೊಟ್ಟಿ ಪೋಲೆಂಡಿನ ಯಹೂದಿಗಳದ್ದು. 1683ರಲ್ಲಿ ವಿಯೆನ್ನಾದಲ್ಲಿ ತುರ್ಕರ ಸೈನ್ಯವನ್ನು ಸೋಲಿಸಿದ ಪೋಲೆಂಡಿನ ರಾಜ ಸೋಬಿಯೆಸ್ಕಿಯ ಗೌರವಕ್ಕೆ, ಅವನ ಕುದುರೆಯ ರಿಕಾಪಿನ ಆಕಾರದಲ್ಲಿ ಒಬ್ಬ ಬೇಕರಿಯವನು ಇದನ್ನು ಮಾಡಿದ ಎಂಬ ಕತೆ ಅಂಗಡಿಗಳ ಗೋಡೆಯಲ್ಲೂ ಕಾಣುತ್ತದೆ. (ಕ್ರೊಯ್ಸಾಂಟ್ ಹುಟ್ಟಿದ್ದೂ ಅದೇ ಮುತ್ತಿಗೆಯಲ್ಲಂತೆ! ಯುದ್ಧ ಮಾಡಿದವರಿಗಿಂತ ಹಿಟ್ಟು ನಾದಿದವರೇ ಹೆಚ್ಚಿದ್ದರೋ ಏನೋ.) ಆದರೆ ಅದಕ್ಕೂ 73 ವರ್ಷ ಮೊದಲೇ, 1610ರಲ್ಲಿ, ಕ್ರಾಕೋವ್ ನಗರದ ಯಹೂದಿ ಸಮುದಾಯದ ನಿಯಮಾವಳಿಯಲ್ಲಿ ಬೇಗಲ್‌ನ ಹೆಸರಿದೆ. ಅದೂ ಎಲ್ಲಿ? ಹೆರಿಗೆಯ ಸಂದರ್ಭದ ಉಡುಗೊರೆಗಳ ಮಾತು ಬರುವಲ್ಲಿ. ಬಾಣಂತಿಯ ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬ ಕಟ್ಟಳೆ ನಮಗೇನು ಹೊಸತೇ? ನನ್ನ ಮಟ್ಟಿಗೆ ರಾಜನ ಕತೆಗಿಂತ ಇದೇ ದೊಡ್ಡ ಕತೆ. ಗಲ್ಫ್‌ನಲ್ಲಿದ್ದವರು ಎಳ್ಳು ಹಚ್ಚಿದ ಕಅಕ್ ತಿಂದಿರಬಹುದು. ಜೆರುಸಲೇಮಿನ ಕಅಕ್ ನೋಡಲು ಬೇಗಲ್‌ನ ಅಣ್ಣನಂತಿದ್ದರೂ ಅದನ್ನು ನೀರಿನಲ್ಲಿ ಬೇಯಿಸುವುದಿಲ್ಲ. ತೂತು ಇದ್ದ ಮಾತ್ರಕ್ಕೆ ಸಂಬಂಧ ಹೇಳಿಬಿಡಲಾಗದು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪೂರ್ವ ಯುರೋಪಿನಿಂದ ಹಡಗು ಹತ್ತಿದ ಯಹೂದಿಗಳು ಬೇಗಲನ್ನು ನ್ಯೂಯಾರ್ಕಿಗೆ ತಂದರು. ಬೇಕರಿಗಳು ಇದ್ದದ್ದು ಕಟ್ಟಡಗಳ ನೆಲಮಾಳಿಗೆಯಲ್ಲಿ. ಗಾಳಿಯಿಲ್ಲ, ಒಲೆಯ ಝಳ, ರಾತ್ರಿಯಿಡೀ ದುಡಿತ. ಆ ಕಷ್ಟದಿಂದ ಹುಟ್ಟಿದ್ದು ಬೇಗಲ್ ಕಾರ್ಮಿಕರ ಸಂಘ, ಲೋಕಲ್ 338. ಸದಸ್ಯರು ಸುಮಾರು 300 ಮಂದಿ, ಸಭೆ ನಡೆಯುತ್ತಿದ್ದದ್ದು ಯಿದ್ದಿಷ್ ಭಾಷೆಯಲ್ಲಿ. ಕೆಲಸ ನಾಲ್ವರ ತಂಡದ್ದು: ಇಬ್ಬರು ಹೊಸೆಯುವವರು, ಒಬ್ಬ ಕುದಿಸುವವ, ಒಬ್ಬ ಒಲೆಯವ. ಕೂಲಿ ಪೆಟ್ಟಿಗೆಯ ಲೆಕ್ಕದಲ್ಲಿ, ಪೆಟ್ಟಿಗೆಗೆ 64 ಬೇಗಲ್. 1951ರ ಡಿಸೆಂಬರಿನಲ್ಲಿ ಕೂಲಿ ತಕರಾರು ಎದ್ದು 34 ಬೇಕರಿಗಳಲ್ಲಿ 32 ಮುಚ್ಚಿದಾಗ, ಬೇಗಲ್ ಕ್ಷಾಮ ಎಂದು ಪತ್ರಿಕೆಗಳು ಬರೆದವು. ಅಷ್ಟು ಬಲ ಆ ಕೈಗಳಿಗೆ ಇತ್ತು. ಸದಸ್ಯರ ಮಕ್ಕಳಿಗೆ, ಹತ್ತಿರದ ಬಂಧುಗಳಿಗೆ ಮಾತ್ರ ಈ ಕೆಲಸ ಕಲಿಸುತ್ತಿದ್ದರು ಎಂಬುದೂ ನಿಜ. ಹೊರಗಿನವನಿಗೆ ಬಾಗಿಲು ಮುಚ್ಚಿತ್ತು.

ಬಾಗಿಲು ಮುರಿದದ್ದು ಯಂತ್ರ. ಡೇನಿಯಲ್ ಥಾಂಪ್ಸನ್ ಎಂಬವರು ಬೇಗಲ್ ಹೊಸೆಯುವ ಯಂತ್ರ ಮಾಡಿದರು (ಮಡಚುವ, ಗಾಲಿಯಿರುವ ಟೇಬಲ್ ಟೆನಿಸ್ ಮೇಜು ಕೂಡ ಇವರದೇ). 1963ರಲ್ಲಿ ಲೆಂಡರ್ಸ್ ಎಂಬ ಕುಟುಂಬದ ಕಂಪನಿ ಅದನ್ನು ಬಾಡಿಗೆಗೆ ತೆಗೆದುಕೊಂಡಿತು. ಆ ಕಂಪನಿ ಬೇಗಲನ್ನು ಫ್ರೀಜ್ ಮಾಡಿ ಪ್ಯಾಕೆಟಿನಲ್ಲಿ ಅಮೆರಿಕದ ಮೂಲೆ ಮೂಲೆಗೆ ಕಳಿಸಿತು. ಎಪ್ಪತ್ತರ ದಶಕದ ಆರಂಭಕ್ಕೆ ಲೋಕಲ್ 338ರ ಕತೆ ಮುಗಿದಿತ್ತು. ಕೆಲಸ ಹೋದದ್ದು ಒಂದು. ರೊಟ್ಟಿಯೇ ಬದಲಾದದ್ದು ಇನ್ನೊಂದು. ಗಟ್ಟಿ ಹಿಟ್ಟು ಯಂತ್ರಕ್ಕೆ ಒಗ್ಗದು, ಹಾಗಾಗಿ ಹಿಟ್ಟನ್ನು ಮೆತ್ತಗೆ ಮಾಡಿದರು. ಕುದಿಸಲು ಆಳು ಬೇಕು, ಹಾಗಾಗಿ ಅನೇಕರು ಒಲೆಯೊಳಗೇ ಹಬೆ ಬಿಟ್ಟರು. ಉಳಿದದ್ದು ನಡುವೆ ತೂತಿರುವ ಬನ್.

ನಮ್ಮ ಪತ್ತಿರಿ ಈಗ ಪ್ಯಾಕೆಟಿನಲ್ಲಿ ಬರುತ್ತದೆ. ಅದನ್ನು ಒತ್ತುತ್ತಿದ್ದ ಕೈಗಳಿಗೆ ಸಂಘವೂ ಇರಲಿಲ್ಲ, ಪೆಟ್ಟಿಗೆ ಲೆಕ್ಕದ ಕೂಲಿಯೂ ಇರಲಿಲ್ಲ. ಹಾಗಾಗಿ ಆ ಕೈಗಳು ನಿಂತದ್ದು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಹುಡುಕಾಟಕ್ಕೆ ಬರೋಣ. ನಾನು ಮೊದಲು ಬೇಗಲನ್ನು ತಿರುಗಿಸಿ ತಳ ನೋಡುತ್ತೇನೆ. ಜಾಲರಿಯ ಸಾಲು ಸಾಲು ಚುಕ್ಕೆಗಳಿದ್ದರೆ ಹೆಚ್ಚಾಗಿ ಅದು ಹಬೆಯ ಒಲೆಯದ್ದು. ಎರಡು ತುದಿ ಕೂಡಿಸಿದ ಗುರುತು ಕಂಡರೆ, ಒಂದು ಕಡೆ ದಪ್ಪ ಒಂದು ಕಡೆ ಸಪೂರ ಇದ್ದರೆ, ಕೈಯಲ್ಲಿ ಹೊಸೆದದ್ದು. ಸಿಪ್ಪೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳಿದ್ದರೆ ರಾತ್ರಿ ತಂಪಿನಲ್ಲಿ ಮಲಗಿ ಎದ್ದ ಹಿಟ್ಟು. ನ್ಯೂಯಾರ್ಕಿನ ನೀರೇ ಗುಟ್ಟು ಎಂದು ಇಲ್ಲಿಯವರು ಆಣೆ ಹಾಕುತ್ತಾರೆ. ಊರಿನ ಬಾವಿ ನೀರಿನ ಬಗ್ಗೆ ನಾವು ಹೇಳುವ ಹಾಗೆಯೇ. ನನಗೆ ನಂಬಿಕೆ ಇರುವುದು ಆ ಒಂದು ರಾತ್ರಿಯ ಮೇಲೆ.

ಹೊಸೆಯುವ ಕೈಗಳು ಮಾತ್ರ ಬೇರೆಯವರದ್ದು. ಮೆಕ್ಸಿಕೊದಿಂದ, ಥಾಯ್ಲೆಂಡಿನಿಂದ ಬಂದವರು ಈಗ ಇಲ್ಲಿ ಒಳ್ಳೆಯ ಬೇಗಲ್ ಮಾಡುತ್ತಾರೆ. ಬ್ರೂಕ್ಲಿನ್‌ನ ಕೋನಿ ಐಲೆಂಡ್ ಅವೆನ್ಯೂದಲ್ಲಿ 1920ರಷ್ಟು ಹಳೆಯ ಒಂದು ಯಹೂದಿ ಬೇಕರಿ ಇತ್ತು, ಬೇಗಲ್‌ಗೂ ಅದರ ದಾಯಾದಿ ಬಿಯಾಲಿಗೂ ಹೆಸರಾದದ್ದು. 2011ರಲ್ಲಿ ಮನೆತನದವರು ಅದನ್ನು ಮುಚ್ಚಿದಾಗ ವಹಿಸಿಕೊಂಡವರು ಪಾಕಿಸ್ತಾನದಿಂದ ಬಂದ ಇಬ್ಬರು ಮುಸ್ಲಿಮರು. ಅವರಲ್ಲೊಬ್ಬರು ಮೊದಲು ಅಲ್ಲೇ ದುಡಿದು ಕೆಲಸ ಕಲಿತವರು. ಹಳೆಯ ಹೆಸರೇ ಇಟ್ಟರು, ಯಹೂದಿಗಳ ಕೋಷರ್ ನಿಯಮವನ್ನೂ ಬಿಡಲಿಲ್ಲ. ಲೋಕಲ್ 338ರವರು ಯಾರಿಗೆ ಕಲಿಸಲು ಒಪ್ಪುತ್ತಿರಲಿಲ್ಲವೋ ಅಂಥವರ ಕೈಯಲ್ಲೇ ಆ ಒಲೆ ಮತ್ತೆ ಹತ್ತಿತು.

ಇಲ್ಲಿಗೆ ಬರುವವರಿಗೆ ಒಂದು ಮಾತು. ಬೆಳಿಗ್ಗೆ ಏಳಕ್ಕೆ ಮೊದಲು ಹೋಗಿ, ಯಾವುದು ಬಿಸಿ ಇದೆಯೋ ಅದನ್ನೇ ಕೇಳಿ. ಟೋಸ್ಟ್ ಬೇಡ ಅನ್ನಿ. ಕೋಷರ್ ಅಲ್ಲದ ಅಂಗಡಿಗಳಲ್ಲಿ ಹಂದಿಯ ಬೇಕನ್ ಹುರಿದ ಕಾವಲಿ, ಚಾಕು ಎಲ್ಲ ಒಂದೇ ಇರುತ್ತದೆ, ಆದ್ದರಿಂದ ಕೊಯ್ಯದೆ ಇಡಿಯಾಗಿ ಕಟ್ಟಿಕೊಡಲು ಹೇಳಿ ಮನೆಯಲ್ಲೇ ಕೊಯ್ದುಕೊಳ್ಳಿ. ದುಡ್ಡೂ ಉಳಿಯುತ್ತದೆ: ನ್ಯೂಯಾರ್ಕ್ ರಾಜ್ಯದಲ್ಲಿ ಕೊಯ್ದ ಬೇಗಲ್‌ಗೆ ತೆರಿಗೆ ಇದೆ, ಇಡೀ ಬೇಗಲ್‌ಗೆ ಇಲ್ಲ.