ಕಾರ್ ನಿಕೋಬಾರಿನ ಗಿಡುಗ

ಬೇಟೆಯ ಹಕ್ಕಿಗಳ ಕುಲಶೀಲಗಳನ್ನು ಅರಿತವರು ನಮ್ಮ ನಾಡಿಗೆ ಹೊಸಬರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಶ್ಯೇನವಿನೋದಕ್ಕೆ ಪ್ರತ್ಯೇಕ ಸ್ಥಾನವುಂಟು, ‘ಸಾಳುವ’ವೆಂಬ ಬೇಟೆಹಕ್ಕಿಯ ಹೆಸರಂತೂ ವಿಜಯನಗರದ ಒಂದು ರಾಜವಂಶಕ್ಕೇ ಅಂಟಿಕೊಂಡಿತು. ಆದರೆ ಮುಂಗೈಯ ಮೇಲೆ ಕುಳಿತ ಹಕ್ಕಿಯನ್ನು ಬಲ್ಲುದು ಒಂದು ವಿದ್ಯೆ. ಕಡಲ ನಡುವಣ ದ್ವೀಪವೊಂದರಲ್ಲಿ, ತೆಂಗಿನ ತೋಪಿನ ನೆತ್ತಿಯ ಮೇಲೆ ಅರೆಗಳಿಗೆ ಸುಳಿದು ಮರೆಯಾಗುವ ಗಿಡುಗವನ್ನು ಇಂಥದೇ ಎಂದು ನಿರ್ಣಯಿಸುವುದು ಬೇರೆಯೇ ವಿದ್ಯೆ.

ಈ ಎರಡನೆಯ ವಿದ್ಯೆಗೆ ನಿಕೋಬಾರ್ ದ್ವೀಪಗಳಷ್ಟು ಕಠಿಣವಾದ ಪಾಠಶಾಲೆ ವಿರಳ. ಭಾರತದ ಪಕ್ಷಿಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬನಾದ ಅಲನ್ ಆಕ್ಟೇವಿಯನ್ ಹ್ಯೂಮ್ 1873ರಲ್ಲಿ ಈ ದ್ವೀಪಗಳ ಹಕ್ಕಿಗಳನ್ನು ಅರಸಿ ಹಡಗೇರಿ ಹೋದನು. ಆದರೂ ಇಲ್ಲಿಯದೇ ಆದ ಗಿಡುಗಕ್ಕೆ ಶಾಸ್ತ್ರೀಯ ನಾಮಕರಣವಾಗಲು ಇನ್ನೂ ಇಪ್ಪತ್ತೈದು ವರ್ಷ ಕಳೆಯಬೇಕಾಯಿತು. 1898ರಲ್ಲಿ ಇಂಗ್ಲೆಂಡಿನ ಜೆ. ಎಚ್. ಗರ್ನಿಯು ಕಾರ್ ನಿಕೋಬಾರಿನ ಗಿಡುಗವನ್ನು ವರ್ಣಿಸಿ, ಪ್ರಕೃತಿಶಾಸ್ತ್ರಜ್ಞ ಎ. ಎಲ್. ಬಟ್ಲರನ ಹೆಸರನ್ನು ಅದಕ್ಕಿಟ್ಟನು. ಮೂರು ವರ್ಷಗಳೊಳಗೆ ಅಬಟ್ ಮತ್ತು ಕ್ಲಾಸ್ ಎಂಬ ಸಂಗ್ರಾಹಕರು ‘ಟೆರಪಿನ್’ ಎಂಬ ಹಾಯಿಹಡಗಿನಲ್ಲಿ ಈ ದ್ವೀಪಗಳನ್ನು ಸುತ್ತಿದರು. ಅವರು ತಂದ ಹಕ್ಕಿಗಳನ್ನು ಪರಿಶೀಲಿಸಿದ ಅಮೆರಿಕದ ರಿಚ್ಮಂಡನು 1902ರಲ್ಲಿ, ಕಚಾಲ್ ಮತ್ತು ಕಮೋರ್ಟ ದ್ವೀಪಗಳ ಗಿಡುಗವನ್ನು ಬೇರೆಯದೆಂದು ಪರಿಗಣಿಸಿದನು.

ಗಮನಿಸಬೇಕಾದುದೇನೆಂದರೆ, ಆ ಕಾಲದ ನಿರ್ಣಯಗಳೆಲ್ಲ ಬಂದೂಕಿನಿಂದ ಮೊದಲಾಗಿ ವಸ್ತುಸಂಗ್ರಹಾಲಯದ ಮೇಜಿನ ಮೇಲೆ ಮುಗಿಯುತ್ತಿದ್ದವು. ಹತ್ತಿ ತುಂಬಿದ ತೊಗಲು ಹಾರಿಹೋಗುವುದಿಲ್ಲ. ಅದರ ಗರಿಗಳನ್ನು ಒಂದೊಂದಾಗಿ ಅಳೆದು, ಮತ್ತೊಂದರ ಪಕ್ಕದಲ್ಲಿಟ್ಟು ನೋಡಲು ವಿದ್ವಾಂಸನಿಗೆ ಬೇಕಾದಷ್ಟು ಬಿಡುವಿತ್ತು. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಾಗೆ ಕೊಂದು ತಂದ ಹಕ್ಕಿಗಳಿಲ್ಲದಿದ್ದರೆ ಇಂದಿನ ಕೈಪಿಡಿಗಳೇ ಇರುತ್ತಿರಲಿಲ್ಲ. ಆದರೆ ದುರ್ಬೀನು ಹಿಡಿದು ನಿಂತ ಇಂದಿನವನಿಗೆ ಆ ಬಿಡುವೆಲ್ಲಿ? ಚಳಿಗಾಲದಲ್ಲಿ ಚೀನಾ, ಜಪಾನುಗಳ ಕಡೆಯ ವಲಸೆಗಿಡುಗಗಳೂ ಇದೇ ದ್ವೀಪಗಳಿಗೆ ಬರುತ್ತವೆ. ಪ್ರಾಯದ ಚೀನೀ ಗಿಡುಗ ಬೂದುಬೆನ್ನಿನದು, ಮಸುಕು ಹೊಂಬಣ್ಣದ ಎದೆಯದು. ಸ್ಥಳೀಯ ಗಿಡುಗವೂ ತಿಳಿಬೂದು ಬೆನ್ನಿನದೇ. ಆಗ ಕಣ್ಣು ಅರಸಬೇಕಾದುದು ರೆಕ್ಕೆಯನ್ನು: ಚೀನೀ ಹಕ್ಕಿಯ ರೆಕ್ಕೆ ನೀಳವಾಗಿ ಚೂಪಾಗಿದ್ದು, ಅದರ ತುದಿ ಮಸಿಯಲ್ಲಿ ಅದ್ದಿದಂತೆ ಕಪ್ಪಾಗಿರುತ್ತದೆ, ದ್ವೀಪವಾಸಿಯ ರೆಕ್ಕೆ ಗಿಡ್ಡ, ಅಂಚು ದುಂಡು. ಎಳೆಯ ಹಕ್ಕಿಗಳಾದರೋ ಎಲ್ಲವೂ ಕಂದು ಮೈಯವು. ಅನುಭವಿಗಳೂ ಅಲ್ಲಿ ಎಡವುವರು.

ನಿಕೋಬಾರ್ ಗಿಡುಗ ಬೇರೆಲ್ಲೂ ಇಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಅಳಿವಿನ ಅಪಾಯವಿರುವ ಪಕ್ಷಿಯೆಂದು ನಮೂದಾಗಿದೆ. ಕಂಡವನ ಆಸೆ ಅಪೂರ್ವವಾದ ಹೆಸರಿನತ್ತಲೇ ವಾಲುವುದು ಸಹಜ. ಆದುದರಿಂದಲೇ ಒಳ್ಳೆಯ ವೀಕ್ಷಕನು, ರೆಕ್ಕೆಯ ತುದಿ ಕಾಣುವ ಮುನ್ನವೇ ಹಕ್ಕಿ ಕಾಡಿನ ಅಂಚಿಗೆ ಇಳಿದುಬಿಟ್ಟರೆ, ಹೊತ್ತನ್ನೂ ಸ್ಥಳವನ್ನೂ ಬರೆದು, ಹೆಸರಿನ ಜಾಗದಲ್ಲಿ ‘ಗಿಡುಗ’ ಎಂದಷ್ಟೇ ಗೀಚಿ, ಅದು ಮತ್ತೆ ಹಾರೀತೆಂದು ಅಲ್ಲಿಯೇ ಕಾದು ನಿಲ್ಲುತ್ತಾನೆ.